ಬಹುದು

ಅಲಬಾಂಗಿನ ಕಚೇರಿಯ ಮೂರನೇ ಮಹಡಿಯಲ್ಲಿ
ಕ್ರಿಸಾಂತಾ ಕ್ರಿಯಾಪದಗಳನ್ನು ಹೊಡೆದುಹಾಕುತ್ತಾಳೆ.
ಇಪ್ಪತ್ತಾರು ವರ್ಷದಿಂದ ಅದೇ ಕುರ್ಚಿ, ಅದೇ ಕೆಂಪು ಶಾಯಿ.
ವಾಸಿ ಮಾಡುತ್ತದೆ: ಒಂದು ಗೆರೆ.
ಕರಗಿಸುತ್ತದೆ, ಓಡಿಸುತ್ತದೆ, ಬೇರುಸಹಿತ ಕೀಳುತ್ತದೆ:
ಗೆರೆ, ಗೆರೆ, ಉದ್ದನೆಯ ಗೆರೆ.
ಅಂಚಿನಲ್ಲಿ ಸಣ್ಣಗೆ ಬರೆಯುತ್ತಾಳೆ, 'ನೆರವಾಗಬಹುದು.'
ಸರ್ಕಾರ ಒಪ್ಪುವುದು ಆ ಒಂದು ಬಹುದನ್ನು.

ಇವತ್ತಿನ ಕಡತ ಗಿಮರಾಸ್ ದ್ವೀಪದ್ದು.
ಅರ್ಜಿದಾರಳು ಪೆರ್ಪೆತುವಾ ದುಮಲಾಗನ್, ಐವತ್ತೆಂಟು.
ಸರಕು: ಮಲುಂಗ್ಗಾಯ್ ಕ್ಯಾಪ್ಸೂಲ್.
ಬೇರೇನಲ್ಲ, ನಮ್ಮ ನುಗ್ಗೆಸೊಪ್ಪೇ;
ನೆರಳಲ್ಲಿ ಒಣಗಿ, ಪುಡಿಯಾಗಿ,
ಸೀಸೆಯೊಳಗೆ ಒಂದು ಸಂಖ್ಯೆಗಾಗಿ ಕಾದು ಕೂತಿದೆ.

'ಉಪಯೋಗ' ಎಂಬ ಕಲಮಿನಲ್ಲಿ ಪೆರ್ಪೆತುವಾ
ದುಂಡಗೆ ಎರಡೇ ಪದ ಬರೆದಿದ್ದಳು:
ಹಾಲು ಬರುತ್ತದೆ.
ವಾಪಸು ಬಂದಾಗ 'ಹಾಲು ಬಂದಿದೆ' ಎಂದು ತಿದ್ದಿ
ಹನ್ನೊಂದು ತಾಯಂದಿರ ಸಹಿ ಹಾಕಿಸಿದಳು.
ಎರಡನೇ ಸಲ, 'ನನಗೇ ಬಂದಿತ್ತು, ನಾಲ್ಕು ಹೆತ್ತೆ.'
ಮೂರನೇ ಸಲ ಕಲಮನ್ನು ಖಾಲಿ ಬಿಟ್ಟು
ಪ್ರಯೋಗಾಲಯಕ್ಕೆ ಅಲೆದ ದೋಣಿಯ ಚೀಟಿಗಳನ್ನೆಲ್ಲ
ಪಿನ್ನು ಹೊಡೆದು ಕಳಿಸಿದಳು. ಒಂದಕ್ಕೆ ಮೀನಿನ ವಾಸನೆ.

ಕಲ್ಲುಮನಸ್ಸಿನವಳಲ್ಲ ಕ್ರಿಸಾಂತಾ.
ಅವಳ ಮೇಜಿನ ಕೆಳಖಾನೆಯಲ್ಲೊಂದು ಪೊಟ್ಟಣವಿದೆ:
ತೆಳ್ಳಗಾಗುವ ಕಾಫಿ. ಮೇಲೆ ಹಸಿರೆಲೆಯ ಚಿತ್ರ.
ನೋಂದಣಿ ಸಂಖ್ಯೆಯೂ ಇತ್ತು, ಯಾವುದೋ ವಿನೆಗರ್ ಬಾಟಲಿಯಿಂದ ಕದ್ದದ್ದು.
ಒಳಗೆ ಎಲೆಯಿರಲಿಲ್ಲ,
ಎಂದೋ ನಿಷೇಧಿಸಿದ ಮಾತ್ರೆಯ ಪುಡಿ.
ಕುಡಿದವಳು ಮಾರಿಲಾವಿನ ದರ್ಜಿ ಹುಡುಗಿ ಫ್ಲೋರಿಂಡಾ;
ಅಕ್ಕನ ಮದುವೆಗೆ ತಾನೇ ಹೊಲಿದ ಲಂಗ
ತನಗೇ ಹಿಡಿಸಬೇಕಿತ್ತು, ಅಷ್ಟೆ.
ಎದೆ ಹಾರಿತು, ಹಾರುತ್ತಲೇ ಇತ್ತು, ನಿಂತಿತು.
ಅವಳ ತಾಯಿ ಕೌಂಟರಿಗೆ ಬಂದು ಕೇಳಿದ್ದು ಒಂದೇ:
'ಇದರ ಮೇಲೆ ಬರೆದದ್ದನ್ನು ಓದುವವರು ನಿಮ್ಮಲ್ಲಿ ಯಾರು?'

ಅಂದಿನಿಂದ ಓದುತ್ತಾಳೆ.

ಪ್ರತಿ ಸೀಸೆಯ ಮೇಲೂ ಇರಲೇಬೇಕಾದ ಮಾತು, 'ಹಿಂದಿ ಗಾಮೋತ್.'
ಗಾಮೋತ್ ಎಂದರೆ ಮದ್ದು. ಹಿಂದಿ ಎಂದರೆ,
ನಗಬೇಡಿ, ಆ ನಾಡಿನಲ್ಲಿ 'ಅಲ್ಲ' ಎಂದರ್ಥ.
ಇದು ಮದ್ದಲ್ಲ.
ನಮ್ಮಲ್ಲಾದರೆ ಕೊಟ್ಟರೂ ಮದ್ದೇ, ಹಾಕಿದರೂ ಮದ್ದೇ;
ಕೊಟ್ಟದ್ದೋ ಹಾಕಿದ್ದೋ ಎಂದು ನೋಡುವುದಕ್ಕೇ
ಅವಳಿಗೆ ತಿಂಗಳ ಸಂಬಳ.

ಸಂಜೆ, ಮನೆ. ಮಗಳು ಅಮಿಹಾನ್,
ಒಂಬತ್ತು ದಿನದ ಬಾಣಂತಿ,
ಬತ್ತಿದ ಎದೆಗೆ ಕೂಸನ್ನು ಒತ್ತಿಕೊಂಡು ಕೂತಿದ್ದಾಳೆ.
ಕ್ರಿಸಾಂತಾ ಚೀಲವನ್ನೂ ಇಳಿಸದೆ
ಪಕ್ಕದವರ ಬೇಲಿಯಿಂದ ಕೊಂಬೆ ಮುರಿದು
ಎಲೆ ಸವರಿ, ಶುಂಠಿ ಜಜ್ಜಿ
ಕಪ್ಪೆಚಿಪ್ಪಿನ ಸಾರು ಕುದಿಸುತ್ತಾಳೆ.
ಬೇಲಿಗೆ ಪರವಾನಗಿ ಇಲ್ಲ. ಸಾರಿಗೆ ಬ್ಯಾಚ್ ಸಂಖ್ಯೆ ಇಲ್ಲ.

'ಇದರಿಂದ ಹಾಲು ಬರುತ್ತಾ ಅಮ್ಮ?'

ನಾಲಿಗೆಯ ತುದಿಗೆ ಬಂತು
ಇಪ್ಪತ್ತಾರು ವರ್ಷದ ಬಹುದು.
ನುಂಗಿಕೊಂಡಳು.
'ಬರುತ್ತೆ. ಬಿಸಿ ಇರುವಾಗಲೇ ಕುಡಿ.'

ಬೆಳಿಗ್ಗೆ ಮತ್ತೆ ಪೆರ್ಪೆತುವಾಳ ಕಡತ.
ಖಾಲಿ ಕಲಮನ್ನು ತಾನೇ ತುಂಬುವ ಹಾಗಿಲ್ಲ;
ಪೆನ್ಸಿಲಿನಲ್ಲಿ ಬರೆದು ತೋರಿಸಿದಳು,
'ಹಾಲೂಡುವ ತಾಯಂದಿರಿಗೆ ನೆರವಾಗಬಹುದು. ಹೀಗೆ ಬರೆಯಿರಿ.'
ಮುದ್ರೆಯ ಕಡೆಗೆ ಕೈ ಹೋಗಿತ್ತು.
ಪುಟ ತಿರುಗಿಸಿದರೆ ತೇವಾಂಶ: ಶೇಕಡ ಹದಿಮೂರು.
ಇಷ್ಟು ಒದ್ದೆಯಿದ್ದರೆ ಬೂಷ್ಟು ಹಿಡಿಯುತ್ತದೆ.
ಹಿಡಿಯಬಹುದು ಅಲ್ಲ, ಹಿಡಿಯುತ್ತದೆ.
ಕುಡಿಯುವವಳು ತಾಯಿ, ಅವಳಿಂದ ಕುಡಿಯುವುದು ಕೂಸು.

ಕೆಂಪು ಶಾಯಿಯಲ್ಲಿ ಬರೆದಳು:
ಇನ್ನೂ ಚೆನ್ನಾಗಿ ಒಣಗಿಸಿ, ಮತ್ತೆ ಕಳಿಸಿ.

ಗಿಮರಾಸಿನಲ್ಲಿ ಈಗ ಬಿಡದ ಮಳೆಯೇನೋ.
ಅದನ್ನು ಕೇಳುವ ಕಲಮು ಅರ್ಜಿಯಲ್ಲಿಲ್ಲ.